ಅವ್ವ ಹಾಕಿದ ಜಡೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಎಂ.ಎಸ್ಸಿ.ಗೆ ಸೇರಿ ನಾಲ್ಕು ತಿಂಗಳಾಯಿತು. ಅಮೂರ್ತ ಬೀಜಗಣಿತದಲ್ಲಿ ಗ್ರೂಪುಗಳ ಪಾಠ ನಡೆದಿದೆ. ಪುಸ್ತಕದ ಪ್ರತಿ ಪ್ರಮೇಯದ ಸಾಧನೆಯನ್ನೂ ಓದಿದ್ದೇನೆ. ಓದುವಾಗ ಎಲ್ಲ ತಿಳಿಯುತ್ತದೆ, ಪುಸ್ತಕ ಮುಚ್ಚಿದರೆ ಏನೂ ಬರುವುದಿಲ್ಲ. ಒಂದಾದ ಮೇಲೊಂದು ಎರಡು ಕ್ರಿಯೆ ಮಾಡಿದರೆ, ಹಿಂದಿರುಗುವಾಗ ಎರಡನೆಯದನ್ನು ಮೊದಲು ಬಿಡಿಸಬೇಕು. ಇಷ್ಟು ಸಣ್ಣದನ್ನೂ ನಿನ್ನೆ ಪರೀಕ್ಷೆಯಲ್ಲಿ ಸಾಧಿಸಲಾಗಲಿಲ್ಲ. ಈ ವಿದ್ಯೆ ನನಗಲ್ಲ ಅಂತ ಬಿಟ್ಟುಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಹಗ್ಗ ಹೊಸೆಯುವವನೊಬ್ಬನಿದ್ದ. ಅವನ ಹೆಂಡತಿ ತೀರಿಕೊಂಡಳು. ಎಂಟು ವರ್ಷದ ಮಗಳು ಉಳಿದಳು. ಸಾಯುವ ಹಿಂದಿನ ದಿನ ತಾಯಿ ಮಗಳಿಗೆ ಜಡೆ ಹಾಕಿದ್ದಳು. ಆ ಜಡೆಯನ್ನು ಮಗಳು ಯಾರಿಗೂ ಮುಟ್ಟಗೊಡಲಿಲ್ಲ.

ಹನ್ನೊಂದನೆಯ ದಿನ ಬಂತು. ಸೂತಕ ಕಳೆಯಲು ಮನೆಯವರೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕು. ಅಕ್ಕಪಕ್ಕದ ಹೆಂಗಸರು ಬಾಚಣಿಗೆ ಹಿಡಿದು ಬಂದರು. ಮಗಳು ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಬಿಚ್ಚಿದರೆ ಅಂಥದು ಇನ್ನೊಂದು ಬರುವುದಿಲ್ಲ ಎಂದಳು.

ಅಂಥದೇ ನಾನು ಹಾಕಿಕೊಡುತ್ತೇನೆ ಎಂದ ತಂದೆ. ಹೆಂಗಸರು ನಕ್ಕರು. ಮೂಗುದಾರ ಮಾಡುವ ಕೈ, ಹುಡುಗಿಯ ತಲೆಯೇ ಕಿತ್ತು ಬಂದೀತು ಎಂದರು. ಅವನಿಗೆ ಧೈರ್ಯವಿತ್ತು. ಐದು ವರ್ಷ, ದಿನಾ ಬೆಳಿಗ್ಗೆ, ಹೆಂಡತಿ ಜಡೆ ಹಾಕುವಾಗ ಎದುರಿಗೆ ಕುಳಿತು ಹಗ್ಗ ಹೊಸೆದವನು. ನೋಡಿ ನೋಡಿ ತನಗೂ ಬರುತ್ತದೆ ಎಂದೇ ತಿಳಿದಿದ್ದ.

ಮೊದಲು ಪುಂಡಿ ನಾರಿನಲ್ಲಿ ಮಾಡಿ ತೋರಿಸಲು ಹೋದ. ಮೂರು ಎಳೆ ಹಿಡಿದ. ಕೈ ತನಗೆ ಗೊತ್ತಿದ್ದನ್ನೇ ಮಾಡಿತು. ಹೆಣೆಯಲಿಲ್ಲ, ಹೊಸೆಯಿತು.

ಮಗಳು ನೋಡಿದಳು. "ಅಪ್ಪಾ, ಇದಕ್ಕೊಂದು ಕೊಡ ಕಟ್ಟಿ ಬಾವಿಗೆ ಬಿಡು" ಎಂದಳು.

ಅವನು ನಾರು ಕೆಳಗಿಟ್ಟ. ಐದು ವರ್ಷ ನೋಡಿದ್ದು ಕಣ್ಣಿನಲ್ಲೇ ಉಳಿದಿತ್ತು. ಕೈಗೆ ಇಳಿದಿರಲಿಲ್ಲ. ಸರಿಯಾದ ಜಡೆ ಒಂದೇ ಇತ್ತು, ಮಗಳ ಬೆನ್ನ ಮೇಲೆ. ಅವಳ ಹಿಂದೆ ಹೋಗಿ ಕುಳಿತ. ಒಂದೇ ಒಂದು ಹೆಣಿಗೆ ಬಿಚ್ಚುತ್ತೇನೆ, ಹಾಗೇ ತಿರುಗಿ ಹಾಕುತ್ತೇನೆ, ಆಗದಿದ್ದರೆ ಮುಂದೆ ಮುಟ್ಟುವುದಿಲ್ಲ ಎಂದ. ಅವಳು ಬಹಳ ಹೊತ್ತು ಯೋಚಿಸಿ ಕೈ ತೆಗೆದಳು.

ತುದಿಯ ದಾರ ಬಿಚ್ಚಿದ. ಹೆಂಡತಿ ಕೊನೆಗೆ ಹಾಕಿದ್ದು ಮೊದಲು ಬಂತು. ಅದನ್ನು ತಿರುಗಿ ಹಾಕಿದ. ಆಮೇಲೆ ಎರಡು ಬಿಚ್ಚಿದ. ಬಿಚ್ಚಿದ ಕ್ರಮದಲ್ಲೇ ಹಾಕಹೋದ, ಹೊಂದಲಿಲ್ಲ. ಎರಡನೆಯದಾಗಿ ಬಿಚ್ಚಿದ್ದನ್ನು ಮೊದಲು ಹಾಕಿದ. ಕೂತಿತು. ಮೂರು ಬಿಚ್ಚಿದ, ಮೂರು ಹಾಕಿದ. ಹೀಗೇ ಮೇಲೆ ಹೋದ. ಹೆಂಗಸರು ಕಾದು ಕಾದು ಮನೆಗೆ ಹೋದರು.

ಬಿಸಿಲು ನೆತ್ತಿಗೆ ಬರುವಾಗ ಮಗಳ ಕತ್ತಿನ ಬಳಿಗೆ ಬಂದಿದ್ದ. ಅಲ್ಲಿ ಒಂದು ಹೆಣಿಗೆ ಉಳಿದಿತ್ತು. ಹೆಂಡತಿ ಮೊದಲು ಹಾಕಿದ್ದು ಅದು. ಬೇರೆಲ್ಲ ಕೆಲಸ ಬಲಗೈಯಲ್ಲಿ ಮಾಡುತ್ತಿದ್ದವಳು ಜಡೆಯನ್ನು ಮಾತ್ರ ಎಡದ ಎಳೆಯಿಂದ ಶುರು ಮಾಡುತ್ತಿದ್ದಳು. ಎದುರಿಗೇ ಕುಳಿತಿದ್ದವನಿಗೆ ಅದು ಗೊತ್ತಿರಲಿಲ್ಲ. ಆ ಎಳೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತ. ಆಮೇಲೆ ಅದನ್ನೂ ಬಿಚ್ಚಿದ.

ಮಗಳ ತಲೆಗೆ ನೀರು ಹಾಕಿದ. ಕೂದಲು ಆರಿದ ಮೇಲೆ ಎಡದ ಎಳೆಯಿಂದ ಶುರು ಮಾಡಿದ. ತುದಿಯವರೆಗೆ ಕೈ ಎಲ್ಲೂ ತಡೆಯಲಿಲ್ಲ.

ಮಗಳು ಜಡೆಯನ್ನು ಮುಂದಕ್ಕೆ ತಂದು ಮೇಲಿಂದ ಕೆಳಗೆ ಮುಟ್ಟಿ ನೋಡಿದಳು. "ಅವ್ವಂದು ಇನ್ನೂ ಬಿಗಿ ಇತ್ತು" ಎಂದಳು.

"ನಾಳೆ ಬಿಗಿ ಮಾಡ್ತೀನಿ" ಎಂದ.

ಕತೆ ಮುಗಿಸಿ ಗುರುಗಳು ಶಿಷ್ಯನ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಸಾಧನೆಗಳೆಲ್ಲ ಪುಸ್ತಕದಲ್ಲಿದ್ದ ಹಾಗೇ ಇದ್ದವು, ದುಂಡು ಅಕ್ಷರದಲ್ಲಿ. ಒಂದು ಪುಟದಲ್ಲೂ ಚಿತ್ತು ಕಾಟು ಇರಲಿಲ್ಲ. ತಿರುಗಿ ಅವನ ಕೈಗೆ ಕೊಟ್ಟು ಹೇಳಿದರು:

"ಇದೆಲ್ಲ ಅವ್ವ ಹಾಕಿದ ಜಡೆ, ತುದಿಯಿಂದ ಬಿಚ್ಚು."

ಶಿಷ್ಯ ಮೊದಲ ಸಾಧನೆಯ ಪುಟ ತೆಗೆದ, ಅದರ ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿ, ಆ ಸಾಲನ್ನು ತಾನೇ ಬರೆಯಲು ಕುಳಿತ.