ಮುರಿದ ಸೂಜಿಯ ಸಂಸ್ಕಾರ

ಜಪಾನಿನ ಪಶ್ಚಿಮ ಕಡಲ ಅಂಚಿನಲ್ಲಿ, ಚಳಿಗಾಲ ಪೂರ್ತಿ ಹಿಮ ಸುರಿಯುವ ಒಕಿಮಿ ಎಂಬ ಪುಟ್ಟ ಪಟ್ಟಣದಲ್ಲಿ ಪೂಜ್ಯ ಭಿಕ್ಷುಣಿ ಶೋರಿನ್ ಮಾತೆಯವರು ವಾಸವಾಗಿದ್ದರು. ಅವರ ಮಂದಿರವೆಂದರೆ ಹಲಗೆಗೋಡೆಯ ಎರಡು ಕೋಣೆ, ಹಿಂದೊಂದು ಅಡುಗೆಮನೆ. ಗಾಳಿ ಬೀಸಿದರೆ ಕಾಗದದ ಬಾಗಿಲುಗಳು ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಮಾತೆಯವರು ತಮ್ಮ ಕಾವಿಯನ್ನು ತಾವೇ ತೇಪೆ ಹಾಕಿ ಉಡುತ್ತಿದ್ದರು, ಬಂದವರಿಗೆ ತಾವೇ ಚಹಾ ಕಾಯಿಸಿ ಕೊಡುತ್ತಿದ್ದರು. ಮಾತು ಬಹಳ ಕಡಿಮೆ. ಆದರೂ ಊರಿನ ಹೆಂಗಸರು ಮನಸ್ಸಿನ ಭಾರ ಇಳಿಸಲು ಅವರ ಬಳಿಗೇ ಹೋಗುತ್ತಿದ್ದರು.

ಮಹಾಯುದ್ಧದಲ್ಲಿ ಸೋತು ಬೂದಿಯಾಗಿದ್ದ ಆ ದೇಶ ಆಗಷ್ಟೇ ಮೈಕೊಡವಿ ಏಳುತ್ತಿತ್ತು. ಒಕಿಮಿಯಲ್ಲೂ ಒಂದು ಅಂಗಿ ಕಾರ್ಖಾನೆ ಎದ್ದಿತ್ತು. ಅದರ ಒಡೆಯ ಕಜಿವಾರಾ ತೊಕುಜೊ. ಅವನನ್ನು ದುರಾಸೆಯ ಮನುಷ್ಯ ಎನ್ನಲಾಗದು. ಯುದ್ಧ ಮುಗಿದ ವರ್ಷ ಅವನ ತಂಗಿ ಹಸಿವಿನಿಂದ ಅವನ ತೋಳಿನಲ್ಲೇ ಪ್ರಾಣ ಬಿಟ್ಟಿದ್ದಳು. ಗೆಣಸಿನ ಬಳ್ಳಿ ಬೇಯಿಸಿ ತಿಂದು ಬದುಕಿದ ಆ ದಿನಗಳು ಈ ಊರಿಗೆ ಮತ್ತೆ ಬರಬಾರದೆಂದು ಅವನು ಅಂದೇ ನಿಶ್ಚಯಿಸಿಕೊಂಡಿದ್ದ. ಯಂತ್ರ ಓಡಬೇಕು, ಅಂಗಿಗಳು ಹಡಗು ಹತ್ತಬೇಕು, ಮನೆಮನೆಯಲ್ಲೂ ಅನ್ನ ಬೇಯಬೇಕು. ಸಿರಿ ಎಂದರೆ ಅವನಿಗೆ ಇಷ್ಟೇ. ದೇವರು, ಮಂತ್ರ, ಸಂಸ್ಕಾರಗಳೆಲ್ಲ ಹೊಟ್ಟೆ ತುಂಬಿದವರ ಕಾಲಕ್ಷೇಪವೆಂದು ಅವನ ಎಣಿಕೆ.

ಆ ವರ್ಷ ಅಮೆರಿಕದಿಂದ ಹಿಂದೆಂದೂ ಬರದಷ್ಟು ದೊಡ್ಡ ಬೇಡಿಕೆ ಬಂತು. ಕೆಲಸ ಬೇಗ ಸಾಗಲೆಂದು ತೊಕುಜೊ ಹೊಲಿಗೆ ಯಂತ್ರಗಳ ವೇಗ ಹೆಚ್ಚಿಸಿದ. ಸೂಜಿಯ ಚೂರು ಹಾರದಂತೆ ಮುಂದಿದ್ದ ಲೋಹದ ತಡೆಯು ಬಟ್ಟೆ ತಿರುಗಿಸಲು ಅಡ್ಡಿಯೆಂದು ಅದನ್ನು ಬಿಚ್ಚಿಸಿದ. ಕೆಲವೇ ದಿನಗಳಲ್ಲಿ ಒಂದು ಸೂಜಿ ಮುರಿದು ಹಾರಿ, ಹಿಸಾನೊ ಎಂಬ ಕೆಲಸದಾಕೆಯ ಬಲಗಣ್ಣಿಗೆ ನಾಟಿತು. ಕಣ್ಣು ಉಳಿಯಲಿಲ್ಲ. ತೊಕುಜೊ ಆಸ್ಪತ್ರೆಯ ಖರ್ಚೆಲ್ಲ ವಹಿಸಿಕೊಂಡ, ಮನೆಗೆ ಅಕ್ಕಿ ಕಳಿಸಿದ. ತಾನು ಮಾತ್ರ ಹೋಗಲಿಲ್ಲ. ಹೋಗಬೇಕೆಂದುಕೊಂಡಾಗಲೆಲ್ಲ ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು. ಬಾರದಿದ್ದರೆ ಅವನೇ ತಂದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಸೂಜಿಗಳ ಸಂಸ್ಕಾರದ ದಿನ ಬಂತು. ಅಂದು ಆ ನಾಡಿನಲ್ಲಿ ಹೊಲಿಯುವವರು ಸೂಜಿ ಮುಟ್ಟುವುದಿಲ್ಲ. ವರ್ಷವಿಡೀ ಮುರಿದ ಸೂಜಿಗಳನ್ನು ಮಂದಿರಕ್ಕೆ ಒಯ್ದು, ಸೋಯಾ ಹಾಲಿನಿಂದ ಮಾಡಿದ ತೋಫು ಎಂಬ ಮೆತ್ತನೆಯ ಗಡ್ಡೆಯಲ್ಲಿ ಚುಚ್ಚಿ ಕೈಮುಗಿಯುತ್ತಾರೆ. ಬಾಳೆಲ್ಲ ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿ ಕೊನೆಗೊಮ್ಮೆ ಮೆತ್ತನೆಯ ಹಾಸಿಗೆಯಲ್ಲಿ ಮಲಗಲಿ ಎಂಬ ಭಾವ. ಆ ಬೆಳಗ್ಗೆ ಕಾರ್ಖಾನೆಯ ಹೆಂಗಸರೆಲ್ಲ ಶೋರಿನ್ ಮಾತೆಯವರ ಅಂಗಳಕ್ಕೆ ಬಂದು ಹಿಮದಲ್ಲೇ ಕುಳಿತುಬಿಟ್ಟರು. ಸಂಸ್ಕಾರ ಮುಗಿದ ಮೇಲೂ ಯಂತ್ರದ ಮುಂದೆ ಕೂರುವ ಧೈರ್ಯ ತಮಗಿಲ್ಲ ಎಂದರು. ಕೂಗಲಿಲ್ಲ, ಬೈಯಲಿಲ್ಲ. ಹೆದರಿದ್ದರು, ಅಷ್ಟೇ.

ತೊಕುಜೊ ಮಂದಿರಕ್ಕೆ ಧಾವಿಸಿದ. ಮಾತೆಯವರು ಅಡುಗೆಮನೆಯಲ್ಲಿದ್ದರು. ಅವನು ನಿಂತಲ್ಲಿಂದಲೇ ತನ್ನ ವಾದವನ್ನೆಲ್ಲ ಒಪ್ಪಿಸಿದ. ಹಡಗು ಹೊರಡುವ ದಿನ ಹತ್ತಿರವಾಗಿದೆ, ಈ ಬೇಡಿಕೆ ಕೈತಪ್ಪಿದರೆ ಮುಂದಿನದು ಬರುವುದಿಲ್ಲ, ಕಾರ್ಖಾನೆ ಮುಚ್ಚಿದರೆ ಇದೇ ಹೆಂಗಸರ ಮಕ್ಕಳು ಹಸಿದಿರುತ್ತಾರೆ, ತಾವೊಂದು ಮಾತು ಹೇಳಿದರೆ ಅವರು ಕೆಲಸಕ್ಕೆ ಮರಳುತ್ತಾರೆ ಎಂದ. ಕೊನೆಗೆ ತಂಗಿಯ ಸಾವನ್ನೂ ಹೇಳಿಬಿಟ್ಟ. ಯಾರೆದುರೂ ಆಡದ ಮಾತು ಅದು. ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ.

ಮಾತೆಯವರು ಎಲ್ಲವನ್ನೂ ಕೇಳಿಸಿಕೊಂಡರು. ಒಲೆಯ ಮೇಲಿನ ಗೂಡಿನಲ್ಲಿ ಹೊಗೆ ಹಿಡಿದು ಕಪ್ಪಾಗಿದ್ದ ದೈಕೊಕು ದೇವರ ಮೂರ್ತಿಯಿತ್ತು. ನಮ್ಮ ಮಹಾಕಾಲನೇ ಆ ನಾಡಿಗೆ ಹೋಗಿ, ಅಕ್ಕಿಮೂಟೆಯ ಮೇಲೆ ನಿಂತು ನಗುವ ಸಿರಿಯ ದೇವರಾಗಿದ್ದಾನೆ. ಮಾತೆಯವರು ಅದರತ್ತ ನೋಡಿ ಮೆಲ್ಲಗೆ ನುಡಿದರು: “ಸಿರಿ ಬರಲಪ್ಪ, ಬರಲೇಬೇಕು. ಈತನನ್ನು ನಾವು ಅಡುಗೆಮನೆಯಲ್ಲೇ ಇಡುತ್ತೇವೆ. ಎಲ್ಲರದೂ ಊಟವಾಯಿತೇ ಎಂದು ನೋಡಿಕೊಳ್ಳುವುದು ಈತನ ಕೆಲಸ.”

ಅನಂತರ ತೊಕುಜೊನತ್ತ ತಿರುಗಿ ಮಾತೆಯವರು ಮತ್ತೆ ಹೇಳಿದರು: “ಹಿಸಾನೊಳ ಕಣ್ಣಿಗೆ ನಾಟಿದ ಸೂಜಿ ಇನ್ನೂ ಬಂದಿಲ್ಲ. ಅದು ಬರುವವರೆಗೆ ಸಂಸ್ಕಾರ ಆರಂಭಿಸುವುದಿಲ್ಲ. ನೀವೇ ತನ್ನಿ.”

ಆಳನ್ನು ಕಳಿಸುತ್ತೇನೆ ಎನ್ನಲು ಹೋದವನು ಅವರ ಮುಖ ನೋಡಿ ತಡೆದುಕೊಂಡ. ಆಸ್ಪತ್ರೆಗೆ ಹೋದರೆ, ಕಣ್ಣಿನಿಂದ ತೆಗೆದ ಚೂರನ್ನು ಆಕೆಯೇ ಕೇಳಿ ಒಯ್ದಳು ಎಂದು ವೈದ್ಯರು ತಿಳಿಸಿದರು. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹಿಮ ತುಳಿಯುತ್ತ ಅವನು ಹಿಸಾನೊಳ ಮನೆಗೆ ನಡೆದ. ಆಕೆ ಬೈದರೆ ತಲೆ ತಗ್ಗಿಸಿ ಕೇಳಬೇಕು, ಅತ್ತರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಹಿಸಾನೊ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಲೆಯ ಪಕ್ಕ ಕುಳಿತಿದ್ದಳು. ಯಜಮಾನನನ್ನು ಕಂಡವಳೇ ಎದ್ದು, ಚಳಿಯಲ್ಲಿ ಬಂದಿದ್ದೀರಿ ಎಂದು ಒಲೆಯ ಬಳಿ ಜಾಗ ಮಾಡಿಕೊಟ್ಟಳು. ಅವನು ತೊದಲುತ್ತ ಬಂದ ಕಾರಣ ಹೇಳಿದ. ಆಕೆ ಪೆಟ್ಟಿಗೆ ತೆರೆದು, ಕೆಂಪು ರೇಷ್ಮೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಸೂಜಿಯ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

“ನಾನೇ ಒಯ್ಯಬೇಕೆಂದಿದ್ದೆ, ಹಿಮದಲ್ಲಿ ದಾರಿ ಸರಿಯಾಗಿ ಕಾಣಿಸುವುದಿಲ್ಲ,” ಎಂದಳು. “ಇದರ ಮೇಲೆ ಸಿಟ್ಟಾಗಬೇಡಿ, ಯಜಮಾನರೇ. ಪಾಪ, ತುಂಬ ದಣಿದಿತ್ತು.”

ತೊಕುಜೊ ರೇಷ್ಮೆಯ ಸುತ್ತು ಬಿಡಿಸಿ ನೋಡಿದ. ಅಂಗೈಯಲ್ಲಿದ್ದ ಆ ಚೂರು ಗೋಧಿಕಾಳಿನಷ್ಟೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಅವನು ಮಂದಿರಕ್ಕೆ ಮರಳಿದ. ಹೆಂಗಸರು ಎದ್ದು ದಾರಿ ಬಿಟ್ಟರು. ಬುದ್ಧನ ಮುಂದಿದ್ದ ತೋಫುವಿನಲ್ಲಿ ಸೂಜಿಯನ್ನು ಮೆಲ್ಲಗೆ ಇಳಿಸಿದ. ಹಣೆಯನ್ನು ನೆಲಕ್ಕೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ತಂಗಿಯ ಸಾವಿಗೂ ಅಳದವನು ಅಂದು ಎಲ್ಲರೆದುರು ಅತ್ತ.

ಮಾತೆಯವರು ಅವನ ಬೆನ್ನ ಮೇಲೆ ಕೈಯಿಟ್ಟರು. “ಸೂಜಿಗೆ ವಿಶ್ರಾಂತಿ ಕೊಟ್ಟಿರಿ. ಇನ್ನು ಸೂಜಿ ಹಿಡಿಯುವ ಕೈಗಳನ್ನು ನೋಡಿಕೊಳ್ಳಿ,” ಎಂದಷ್ಟೇ ಹೇಳಿ ಮಂತ್ರಪಠನ ಆರಂಭಿಸಿದರು.

ಮರುದಿನವೇ ತೊಕುಜೊ ಪ್ರತಿ ಯಂತ್ರಕ್ಕೂ ತಡೆಯನ್ನು ಮತ್ತೆ ಕೂರಿಸಿದ, ವೇಗ ತಗ್ಗಿಸಿದ. ಅಂಗಿಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ಹಡಗು ಅರ್ಧ ಸರಕನ್ನಷ್ಟೇ ಹೊತ್ತು ಹೋಯಿತು. ಎರಡು ವರ್ಷ ಕಾರ್ಖಾನೆ ಬಹಳ ಕಷ್ಟದಲ್ಲಿ ನಡೆಯಿತು. ತೊಕುಜೊ ಮನೆ ಮಾರಿ, ಕಾರ್ಖಾನೆಯ ಹಿಂದಿನ ಕೋಣೆಗೆ ಸಂಸಾರ ಸಾಗಿಸಿದ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಹಿಸಾನೊಳನ್ನು ಮೇಲ್ವಿಚಾರಕಿಯಾಗಿ ಮರಳಿ ಕರೆತಂದ. ಆಕೆಯ ಪೀಠದ ಬಳಿ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿಸಿ, ಅಪಾಯವೆನಿಸಿದ ಕ್ಷಣ ಬಾರಿಸಬೇಕು, ಬಾರಿಸಿದರೆ ಕಾರ್ಖಾನೆಯ ಎಲ್ಲ ಯಂತ್ರಗಳೂ ನಿಲ್ಲಬೇಕು, ಒಡೆಯನೂ ಯಾಕೆಂದು ಕೇಳಬಾರದು ಎಂದು ನಿಯಮ ಮಾಡಿದ.

ಬೇಡಿಕೆ ಮೆಲ್ಲಗೆ ಮತ್ತೆ ಬರತೊಡಗಿತು. ಒಮ್ಮೆ ಪರದೇಶದ ವ್ಯಾಪಾರಿಯೊಬ್ಬನಿಗೆ ತೊಕುಜೊ ಕಾರ್ಖಾನೆ ತೋರಿಸುತ್ತಿದ್ದಾಗ ಆ ಗಂಟೆ ಮೊಳಗಿತು. ಒಂದೇ ಉಸಿರಿಗೆ ಎಲ್ಲ ಸದ್ದೂ ನಿಂತಿತು. ವ್ಯಾಪಾರಿ ಗಾಬರಿಯಿಂದ, ಏನಾಯಿತು, ಯಾರು ನಿಲ್ಲಿಸಿದರು ಎಂದು ಕೇಳಿದ. ತೊಕುಜೊ ಹಿಸಾನೊಳತ್ತ ತಿರುಗಿದ. ಹಿಸಾನೊ ಪೀಠದಿಂದಿಳಿದು, ಒಂದು ಯಂತ್ರದ ಮುಂದೆ ಬಗ್ಗಿ ನಿಧಾನವಾಗಿ ನೋಡುತ್ತಿದ್ದಳು. ಆಕೆ ನೋಡಿ ಮುಗಿಸುವವರೆಗೆ ಆ ಒಡೆಯ, ಬುದ್ಧನ ಮುಂದೆ ನಿಂತವನಂತೆ ಕೈಮುಗಿದು ನಿಂತಿದ್ದ.