ಒಂಬತ್ತು ಬಿರುಕು, ಹತ್ತು ಗಡಿಗೆ

“ಮೇಷ್ಟ್ರೇ, ಕಡಿಮೆ ಶಕ್ತಿಯಲ್ಲಿ ಹೆಚ್ಚು ನೋಡುವುದು ಹೇಗೆ?” ಎಂದು ಮಂದಾಕಿನಿ ಕೇಳಿದಳು.

ಪ್ರಶ್ನೆ ಚಿಕ್ಕದು. ಅದರ ಹಿಂದೆ ಎಂಟು ತಿಂಗಳ ಕೆಲಸವಿತ್ತು. ಅದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮೇಷ್ಟ್ರು ಹೇಳಿದ ಕತೆ ಯಾಕೆ ಬಂತೆಂದು ತಿಳಿಯುವುದಿಲ್ಲ.

ಮಂದಾಕಿನಿ ಮಾಡುತ್ತಿದ್ದುದು ಒಂದು ಪುಟ್ಟ ರೋಹಿತಮಾಪಕ. ರೋಹಿತಮಾಪಕವೆಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟಿದೆ ಎಂದು ಅಳೆಯುವ ಉಪಕರಣ. ಇವಳದು ಊಟದ ಡಬ್ಬಿಯಷ್ಟೇ ದೊಡ್ಡದು. ಬಾವಿಯ ನೀರಿನ ಮೂಲಕ ಬೆಳಕು ಹಾಯಿಸಿದರೆ ಆ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಅದು ತಿಳಿಸಬೇಕು. ಅದನ್ನು ಹೆಗಲಚೀಲದಲ್ಲಿಟ್ಟುಕೊಂಡು ಊರಿಂದೂರಿಗೆ ನಡೆಯುವವರು ಆರೋಗ್ಯ ಕಾರ್ಯಕರ್ತೆಯರು. ದಾರಿಯಲ್ಲಿ ಕರೆಂಟು ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಆದ್ದರಿಂದ ಒಮ್ಮೆ ಚಾರ್ಜು ಮಾಡಿದರೆ ಬ್ಯಾಟರಿ ಒಂದು ವಾರ ಬರಬೇಕು.

ಡಬ್ಬಿಯೊಳಗೆ ಬೆಳಕು ಬೀಳುವ ಕಡೆ ಸಾಲಾಗಿ ಸಣ್ಣ ಸಣ್ಣ ಕಣ್ಣುಗಳಿದ್ದವು. ಒಂದೊಂದು ಬಣ್ಣಕ್ಕೆ ಒಂದೊಂದು ಕಣ್ಣು. ಓದುವವರೆಗೆ ಕಣ್ಣು ತನಗೆ ಬಿದ್ದ ಬೆಳಕನ್ನು ಕೂಡಿಡುತ್ತದೆ, ಓದಿದೊಡನೆ ಬರಿದಾಗುತ್ತದೆ. ಆ ಕಣ್ಣುಗಳಿಗೆ ಬಿದ್ದ ಬೆಳಕನ್ನು ಓದಿ ಅಂಕಿಯಾಗಿಸುವ ಸರ್ಕ್ಯೂಟ್ ಬೋರ್ಡನ್ನು ಮಾಡಿದವಳು ಮಂದಾಕಿನಿ. ಚೂರು ಬೆಳಕೂ ತಪ್ಪಿಹೋಗಬಾರದೆಂದು ಅವಳು ಎಲ್ಲ ಕಣ್ಣುಗಳನ್ನೂ ಸೆಕೆಂಡಿಗೆ ಸಾವಿರ ಸಲ ಓದಿಸುತ್ತಿದ್ದಳು. ಓದಿದ್ದನ್ನೆಲ್ಲ ಕೂಡಿಸುತ್ತಿದ್ದಳು. ಹೀಗಾಗಿ ಬ್ಯಾಟರಿ ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಅಷ್ಟು ಮಾಡಿದರೂ ಮಂಕು ಬಣ್ಣಗಳಲ್ಲಿ ಬರುತ್ತಿದ್ದುದು ಬರೀ ಸೊನ್ನೆ. ನೀರು ಕೆಟ್ಟಿರುವುದರ ಗುರುತು ಕಾಣಬೇಕಾದದ್ದು ಆ ಮಂಕು ಬಣ್ಣಗಳಲ್ಲೇ.

ಮಾರನೆಯ ಬೆಳಿಗ್ಗೆ ಅವಳು ಒಂದು ತೀರ್ಮಾನ ಹೇಳಬೇಕಿತ್ತು. ದೊಡ್ಡ ಬ್ಯಾಟರಿ ಹಾಕಿದರೆ ಡಬ್ಬಿಯನ್ನು ಹೊತ್ತು ನಡೆಯಲಾಗುವುದಿಲ್ಲ. ಮಂಕು ಬಣ್ಣಗಳನ್ನು ಕೈಬಿಟ್ಟರೆ ಅದು ಕೆಟ್ಟ ನೀರನ್ನೂ ಒಳ್ಳೆಯದೆಂದು ಹೇಳುತ್ತದೆ.

“ಆ ಬಣ್ಣಗಳನ್ನು ಬಿಟ್ಟೇಬಿಡೋಣ ಅನಿಸಿದೆ. ಅಲ್ಲಿ ಏನೂ ಇಲ್ಲ ಅಂತ ಬೋರ್ಡೇ ಹೇಳುತ್ತಿದೆ,” ಎಂದಳು. ಹೇಳುವಾಗ ಅವಳ ದನಿ ಸಣ್ಣದಾಯಿತು.

ಚೆನ್ನವೀರಪ್ಪ ಮೇಷ್ಟ್ರು ನಲವತ್ತು ವರ್ಷ ಅಳತೆಯ ಉಪಕರಣಗಳನ್ನು ಮಾಡಿದವರು. ಮಾಡುವುದನ್ನು ಕಲಿಸಿದವರು. ಅವರು ಬೋರ್ಡಿನ ಕಡೆ ನೋಡಲಿಲ್ಲ.

“ಕೂತ್ಕೋ ತಾಯಿ,” ಎಂದರು. “ಸೆಕೆಂಡಿಗೆ ಸಾವಿರ ಸಲ ಓದಿಸುವವಳು ಒಂದು ಕತೆ ಮುಗಿಯುವಷ್ಟು ಹೊತ್ತು ಸುಮ್ಮನೆ ಕೂರಬಲ್ಲೆಯೋ ಇಲ್ಲವೋ, ನೋಡೋಣ.”

ಮಂದಾಕಿನಿ ನಕ್ಕು ಕುಳಿತಳು. ಮೇಷ್ಟ್ರು ಹೇಳತೊಡಗಿದರು.

ಬೆಟ್ಟದ ಬುಡದಲ್ಲಿ ಒಂದು ಊರು. ಊರಿಗೆ ಬಾವಿಯಿಲ್ಲ, ಕೆರೆಯಿಲ್ಲ. ಬೆಟ್ಟದ ಮೇಲೆ ಒಂದು ಬಂಡೆ. ಬಂಡೆಯಲ್ಲಿ ಒಂಬತ್ತು ಬಿರುಕು. ಒಂದೊಂದು ಬಿರುಕಿನಿಂದ ಜಿನುಗುವ ನೀರು ಒಂದೊಂದು ಕೇರಿಗೆ. ಬೇಸಗೆಯಲ್ಲಿ ಒಂದು ಹನಿಯಾದರೂ ಒಸರುವ ಬಿರುಕು ಮಳೆ ಬಂದೊಡನೆ ಮತ್ತೆ ಹರಿಯುತ್ತದೆ. ಪೂರ್ತಿ ಬತ್ತಿದ ಬಿರುಕಿಗೆ ಗಾರೆ ಮೆತ್ತುವುದು ಅಲ್ಲಿನ ಪದ್ಧತಿ. ಮೆತ್ತಿದರೆ ಅಲ್ಲಿನ ನೀರಿನ ದಾರಿ ಉಳಿದ ಬಿರುಕುಗಳ ಕಡೆ ತಿರುಗುತ್ತದೆ. ಆದರೆ ಒಮ್ಮೆ ಗಾರೆ ಕಚ್ಚಿತೆಂದರೆ ಮತ್ತೆ ತೆಗೆಯಲಾಗದು. ಆ ಕೇರಿಯವರು ಊರು ಬಿಡಬೇಕು.

ಬಿರುಕುಗಳನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರನಿದ್ದ. ಬಹಳ ನಿಷ್ಠೆಯವನು. ಒಂಬತ್ತು ಬಿರುಕಿನ ಕೆಳಗೂ ಒಂದೇ ಅಳತೆಯ ಗಡಿಗೆ ಇಟ್ಟಿದ್ದ. ಗಳಿಗೆಗೊಮ್ಮೆ ಬಂಡೆ ಸುತ್ತುತ್ತಿದ್ದ. ಅಳತೆಯ ಕಚ್ಚು ಕೊರೆದ ಬಿದಿರುಕೋಲನ್ನು ಗಡಿಗೆಯಲ್ಲಿ ಇಳಿಸಿ, ಎಷ್ಟು ಒದ್ದೆಯಾಗಿದೆ ಎಂದು ನೋಡುತ್ತಿದ್ದ. ನೋಡಿ, ಗಡಿಗೆ ಬರಿದು ಮಾಡಿ, ಕೋಲನ್ನು ಚೆನ್ನಾಗಿ ಕೊಡವಿ ಮುಂದಿನದಕ್ಕೆ ಹೋಗುತ್ತಿದ್ದ. ಹಗಲಿಗೆ ಮೂವತ್ತು ಸುತ್ತು.

ಒಂಬತ್ತನೆಯ ಬಿರುಕು ನಿಧಾನದ್ದು. ಒಂದು ಗಳಿಗೆಗೆ ಹೆಚ್ಚೆಂದರೆ ಅರ್ಧ ಚಮಚ. ಅಷ್ಟು ನೀರು ಕೋಲಿಗೇ ಅಂಟಿಕೊಳ್ಳುತ್ತಿತ್ತು, ಕೊಡವಿದಾಗ ಹಾರಿಹೋಗುತ್ತಿತ್ತು. ಕಚ್ಚಿನ ಮಟ್ಟಕ್ಕೆ ಬರಲೇ ಇಲ್ಲ. ಅವನು ಪ್ರತಿಸಲವೂ ‘ಇಲ್ಲ’ ಎಂದ. ಮೂವತ್ತು ‘ಇಲ್ಲ’ಗಳನ್ನು ಕೂಡಿಸಿ, ಸಂಜೆ ಊರ ಗೌಡನಿಗೂ ‘ಇಲ್ಲ’ ಎಂದೇ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ.

ಗೌಡ ಗಾರೆ ಕಲಸಲು ಹೇಳಿದ. ಅಷ್ಟರಲ್ಲಿ ಕಾವಲುಗಾರ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡ.

ಒಂಬತ್ತನೆಯ ಬಿರುಕಿನ ಕೇರಿಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ವಯಸ್ಸಾದವಳು, ಮಂಡಿನೋವಿನವಳು. ಅವಳು ಗೌಡನ ಮುಂದೆ ಬಂದು, “ಮೂರು ದಿನ ನನಗೆ ಕೊಡಿ. ದಿನಕ್ಕೊಂದು ಸಲ ಹತ್ತಿ ಬಿರುಕು ನಾನು ನೋಡುತ್ತೇನೆ,” ಎಂದಳು.

“ಮೊದಲು ನಿನ್ನ ಮಂಡಿ ನೋಡಿಕೋ ಅಜ್ಜಿ,” ಎಂದ ಗೌಡ. “ಗಟ್ಟಿ ಆಳು ಮೂವತ್ತು ಸಲ ನೋಡಿದರೂ ಸಿಗದ ನೀರು, ದಿನಕ್ಕೊಂದು ಸಲ ಏದುಸಿರು ಬಿಡುತ್ತ ಹತ್ತುವ ನಿನಗೆ ಸಿಗುತ್ತದೋ?”

“ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಕಲಕಿ ನೋಡಿದರೆ ನಿಮ್ಮ ಮನೆಯಲ್ಲಿ ಮೊಸರಾಗುತ್ತದಾ ಗೌಡರೇ?”

ಸುತ್ತ ನಿಂತವರು ನಕ್ಕರು. ಗೌಡನಿಗೆ ನಗು ಬರಲಿಲ್ಲ. ಆದರೂ ಮೂರು ದಿನ ಕೊಟ್ಟ.

ದಿನಕ್ಕೊಂದೇ ಸಲ ಹತ್ತುವುದಾದರೆ ಹಳೆಯ ಗಡಿಗೆಗಳು ಸಾಲವು. ವೇಗದ ಬಿರುಕಿನ ಗಡಿಗೆ ತುಂಬಿ ಚೆಲ್ಲಿಹೋಗುತ್ತದೆ. ಚೆಲ್ಲಿದ ನೀರಿಗೆ ಅಳತೆಯಿಲ್ಲ. ಅದು ಕುಂಬಾರಗಿತ್ತಿಗೆ ಗೊತ್ತಿತ್ತು. ಜೋರಾಗಿ ಸುರಿಯುವ ಬಿರುಕುಗಳಿಗೆ ದೊಡ್ಡ ಬಾನಿ ಇರಿಸಿದಳು. ನಡುವಿನವಕ್ಕೆ ಹಳೆಯ ಗಡಿಗೆಗಳನ್ನೇ ಬಿಟ್ಟಳು. ಒಂಬತ್ತನೆಯದಕ್ಕೆ ಒಂದು ಕಿರುಗಡಿಗೆ, ಅಗಲ ಕಡಿಮೆ. ಸ್ವಲ್ಪ ನೀರು ಬಿದ್ದರೂ ಅದರಲ್ಲಿ ಮಟ್ಟ ಏರುವುದು ಕಾಣುತ್ತದೆ.

ಆಮೇಲೆ ಅಂಥದ್ದೇ ಇನ್ನೊಂದು ಕಿರುಗಡಿಗೆ ತಂದಳು. ಅದೇ ಮಣ್ಣು, ಅದೇ ಅಳತೆ. ಅದನ್ನು ಯಾವ ಬಿರುಕಿನ ಕೆಳಗೂ ಇಡಲಿಲ್ಲ. ಒಂದು ಹನಿಯೂ ಬೀಳದ ಕಡೆ ನೋಡಿ ಇಟ್ಟಳು. ನೋಡಿದವರು ಮುದುಕಿಗೆ ಅರಳುಮರಳು ಎಂದರು.

ಇಟ್ಟು ಇಳಿದು ಬಂದಳು. ಊಟ ಮಾಡಿದಳು, ಮಲಗಿದಳು. ಮಾರನೆಯ ಬೆಳಿಗ್ಗೆ ಒಂದು ಸಲ ಹತ್ತಿದಳು. ಒಂಬತ್ತನೆಯ ಗಡಿಗೆಯಲ್ಲಿ ಎರಡು ಬೊಗಸೆ ನೀರಿತ್ತು. ಗೌಡನಿಗೆ ಹೇಳಿಕಳಿಸಿದಳು.

ಗೌಡ ಬಂದು ಗಡಿಗೆಯೊಳಗೆ ಇಣುಕಿದ. “ಮನೆ ಉಳಿಸಿಕೊಳ್ಳಲು ನೀನೇ ತಂದು ಸುರಿದೆಯೋ ಏನೋ, ಯಾರು ಕಂಡರು?” ಎಂದ.

ಅವಳು ವಾದ ಮಾಡಲಿಲ್ಲ. ಹತ್ತನೆಯ ಗಡಿಗೆ ತೋರಿಸಿದಳು. ಬಿರುಕಿನ ಕೆಳಗೆ ಇಡದ ಆ ಗಡಿಗೆಯಲ್ಲೂ ಅರ್ಧ ಬೊಗಸೆ ನೀರಿತ್ತು.

“ಇದು ಮಂಜು ಇಳಿದು ನಿಂತದ್ದು. ಬಂಡೆಯದಲ್ಲ,” ಎಂದಳು. ಹಾಗೆಂದು ಒಂಬತ್ತನೆಯ ಗಡಿಗೆಯಿಂದಲೂ ಅಷ್ಟೇ ಅರ್ಧ ಬೊಗಸೆ ತೆಗೆದು ಚೆಲ್ಲಿದಳು. “ಉಳಿದ ಒಂದೂವರೆ ಬೊಗಸೆ ಬಂಡೆಯದು. ನಂಬಿಕೆಯಿಲ್ಲದಿದ್ದರೆ ರಾತ್ರಿ ಕಾವಲಿಟ್ಟು ನಾಳೆ ನೀವೇ ಹತ್ತಿ ನೋಡಿ.”

ಗೌಡ ಕಾವಲಿಟ್ಟು ಹತ್ತಿದ. ಎರಡನೆಯ ದಿನವೂ ಒಂದೂವರೆ ಬೊಗಸೆ, ಮೂರನೆಯ ದಿನವೂ ಒಂದೂವರೆ ಬೊಗಸೆ. ಕಲಸಿದ ಗಾರೆಯನ್ನು ಊರಬಾಗಿಲ ಕಟ್ಟೆಗೆ ಮೆತ್ತಿಸಿದ. ಮಳೆ ಬಂದಾಗ ಒಂಬತ್ತನೆಯ ಬಿರುಕು ಹರಿಯಿತು. ಆ ಕೇರಿಯ ಒಂದು ಮನೆಯೂ ಖಾಲಿಯಾಗಲಿಲ್ಲ.

ಕಾಲು ವಾಸಿಯಾದ ಕಾವಲುಗಾರ ಕೋಲು ಹಿಡಿದು ಮತ್ತೆ ಬಂಡೆಗೆ ಹೋದ. ಕೋಲನ್ನು ದಿನಕ್ಕೆ ಒಂದೇ ಸಲ ಇಳಿಸಿದ. ಮಿಕ್ಕ ಹೊತ್ತಿನಲ್ಲಿ ಮಕ್ಕಳ ಜೊತೆ ಆಡಿದ.

ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿದರು.

ಮಂದಾಕಿನಿ ಬೆರಳಲ್ಲಿ ಏನೋ ಎಣಿಸಿದಳು. ಬಾನಿ ಯಾವುದು, ಕಿರುಗಡಿಗೆ ಯಾವುದು, ಬೆಳಕು ಬೀಳದ ಕಡೆ ಇಡಬೇಕಾದ ಕಣ್ಣು ಯಾವುದು ಎಂಬುದು ಅವಳಿಗೆ ಆಗಲೇ ಹೊಳೆದಿತ್ತು. ಮುಖದಲ್ಲಿ ಅರ್ಧ ಗೆಲುವು ಮೂಡಿತ್ತು. ಇನ್ನರ್ಧ ಅಂಜಿಕೆಯಾಗಿಯೇ ಉಳಿದಿತ್ತು. ಎಂಟು ತಿಂಗಳು ಕಣ್ಣು ಮಿಟುಕಿಸದೆ ಕಾಯುವುದನ್ನೇ ಕೆಲಸವೆಂದು ನಂಬಿದವಳು ಅವಳು. ಬೋರ್ಡನ್ನು ಮಲಗಲು ಬಿಡುವುದಕ್ಕೆ ಅವಳಿಗೆ ಧೈರ್ಯ ಬರಲಿಲ್ಲ.

“ಒಂದು ಅನುಮಾನ ಮೇಷ್ಟ್ರೇ,” ಎಂದಳು. “ಅಜ್ಜಿ ದಿನಕ್ಕೆ ಒಂದು ಸಲ ಹತ್ತಿದಳು, ಸರಿ. ಮಿಕ್ಕ ಹೊತ್ತೆಲ್ಲ ಮನೆಯಲ್ಲಿ ನಿದ್ದೆ ಮಾಡಿದಳಲ್ಲ, ಅಷ್ಟು ಹೊತ್ತೂ ಹನಿಗಳನ್ನು ಕಾದವರು ಯಾರು?”

ಮೇಷ್ಟ್ರು ಬೋರ್ಡನ್ನು ಎತ್ತಿ, ಅದರ ಕಣ್ಣುಗಳ ಸಾಲನ್ನು ಅವಳ ಕಡೆ ತಿರುಗಿಸಿ ಇಟ್ಟರು.

“ಗಡಿಗೆ ನಿದ್ದೆ ಮಾಡಿದ್ದನ್ನು ಎಲ್ಲಾದರೂ ಕಂಡಿದ್ದೀಯಾ ತಾಯಿ?”

ಸೆಕೆಂಡಿಗೆ ಸಾವಿರ ಎಂಬ ಅಂಕಿಯನ್ನು ಬದಲಿಸಲು ಮಂದಾಕಿನಿ ಬೋರ್ಡನ್ನು ಹತ್ತಿರ ಎಳೆದುಕೊಂಡಳು.