ಡೈನೋಸಾರ್ ಸಗಣಿಗೆ ಗರಿಕೆ

ಡೈನೋಸಾರ್‌ಗಳು ವಾಪಸ್ ಬಂದವಲ್ಲ, ನಮ್ಮ ಬಡಾವಣೆ ಅಧ್ಯಕ್ಷ ಪುಟ್ಟಸ್ವಾಮಪ್ಪನೂ ಜಂಬಕ್ಕೆ ಸೊಪ್ಪು ತಿನ್ನುವುದೊಂದನ್ನು ತಂದು ಸಾಕಿಕೊಂಡ. ಅದು ದಿನಾ ಅವನ ಗೇಟಿನ ಮುಂದೆ ಆಳೆತ್ತರ ಸಗಣಿ ಹಾಕುತ್ತಿತ್ತು.

"ಪೂರ್ತಿ ನೀನೊಬ್ಬಳೇ ಎತ್ತಬೇಕು. ಇಲ್ಲದಿದ್ದರೆ ಕೆಲಸ ಬಿಟ್ಟು ನಡಿ," ಅಂದ, ಬೀದಿ ಗುಡಿಸುವ ಸಿದ್ದವ್ವನಿಗೆ.

ಸಿದ್ದವ್ವ ಗುಡ್ಡೆಯ ನೆತ್ತಿಗೆ ಗರಿಕೆ ಸಿಕ್ಕಿಸಿ, ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಅಧ್ಯಕ್ಷನ ತಾಯಿ ಓಡಿಬಂದು ಅಡ್ಡಬಿದ್ದಳು.

"ಪೂಜೆಯಾದ ಬೆನಕಪ್ಪನಿಗೆ ಪೊರಕೆ ತಾಗಿಸೋದುಂಟಾ ಅಮ್ಮಾವ್ರೇ? ಮನೆ ಯಜಮಾನರೇ ಹೊತ್ತು ಕೆರೆಗೆ ಬಿಡಬೇಕು," ಅಂದಳು ಸಿದ್ದವ್ವ.

"ಏನ್ ನೋಡ್ತೀಯೋ, ಹೊರೋ!" ಅಂತ ತಾಯಿ ಮಗನನ್ನು ಗದರಿದಳು.

ರೇಷ್ಮೆ ಪಂಚೆ ಉಟ್ಟು ಹದಿನೇಳು ಬುಟ್ಟಿ ಹೊತ್ತ, ಜಗಲಿಯಲ್ಲಿ ಕೂತು ನಾನೇ ಎಣಿಸಿದೆ. ಈಗ ದಿನಾ ಡೈನೋಸಾರಿನ ಬಾಲದ ಹಿಂದೆ ಅವನೇ ಬುಟ್ಟಿ ಹಿಡಿದು ಓಡುತ್ತಾನೆ. ಸಿದ್ದವ್ವನ ಕುಂಕುಮ ತಾಗುವ ಮುಂಚೆ ಹಿಡಿಯಬೇಕಲ್ಲ!